ಬಿಡದ ಹೊಗೆಯ ವ್ಯಾಪಾರ

ನಮ್ಮ ದೊಡ್ಡಪ್ಪ ಏನನ್ನಾದರೂ ವಿವರಿಸಲು ಕೂತರೆ, ಕೇಳುವವರಿಗೆ ಮೊದಲೇ ಗೊತ್ತಿದ್ದುದೂ ಮರೆತುಹೋಗುತ್ತಿತ್ತು! ಮಂಡಿ ಮೊಹಲ್ಲಾದಲ್ಲಿ ಮೂವತ್ತು ವರ್ಷ ಟೈಪಿಂಗ್ ಕಲಿಸಿದವರು. ಕಂಪ್ಯೂಟರ್ ಬಂದು ಶಿಷ್ಯರು ಖಾಲಿಯಾದ ಮೇಲೆ, ಹಳ್ಳಿಗಳಲ್ಲಿ ಗೋಬರ್ ಗ್ಯಾಸ್ ಕಟ್ಟಿಸುವ ಸಂಸ್ಥೆಯೊಂದು ಇವರನ್ನು ಕರೆದು, ತನ್ನ 'ಕಾರ್ಬನ್ ಕ್ರೆಡಿಟ್' ಯೋಜನೆಯನ್ನು ಹೆಂಗಸರಿಗೆ ತಿಳಿಹೇಳಿ ಎಂದಿತು. ಇವರನ್ನೇ ಯಾಕೆ ಆರಿಸಿದರೋ, ದೇವರೇ ಬಲ್ಲ! ಅಲ್ಲಿಯವರೆಗೆ ಅವರಿಗೆ ಗೊತ್ತಿದ್ದ ಕಾರ್ಬನ್ ಎಂದರೆ ಎರಡು ಹಾಳೆಗಳ ನಡುವೆ ಇಡುವ ನೀಲಿ ಕಾಗದ.

ಕುಂಬಾರಕೊಪ್ಪಲಿನ ನಮ್ಮ ಮನೆಗೆ ಬಂದವರೇ, ಚಪ್ಪಲಿ ಬಿಡುವ ಮುಂಚೆ ಶುರುಮಾಡಿದರು.

"ಹೊರದೇಶದ ಕಂಪನಿಯೋರು ಅಲ್ಲಿ ಹೊಗೆ ಬಿಡ್ತಾರೆ ಕಣೋ. ನಮ್ಮ ಹಳ್ಳಿಯೋರು ಇಲ್ಲಿ ಸೌದೆ ಉರಿಸೋದು ನಿಲ್ಲಿಸ್ತಾರೆ. ಅದಕ್ಕೆ ಅವರು ದುಡ್ಡು ಕೊಡ್ತಾರೆ!"

"ಅವರ ಹೊಗೆ ಕಮ್ಮಿಯಾಗುತ್ತಾ ದೊಡ್ಡಪ್ಪ?"

"ಅದೇ ಗೊತ್ತಾಗ್ತಿಲ್ಲ." ಸ್ವಲ್ಪ ಯೋಚಿಸಿ, "ಅಲ್ಲಾ, ನಾನು ಬೀಡಿ ಬಿಟ್ಟು ಹತ್ತು ವರ್ಷ ಆಯ್ತಲ್ಲ, ನಂಗ್ಯಾರು ಕೊಟ್ರು?" ಎಂದರು.

ಗೊಂದಲ ಬಿಡಿಸಲೆಂದು ರಾಮಕೃಷ್ಣನಗರದ ಕೆಮಿಸ್ಟ್ರಿ ಮೇಷ್ಟ್ರ ಬಳಿ ಕರೆದೊಯ್ದೆ. ಎರಡು ಗಂಟೆಯ ನಂತರ ಮೇಷ್ಟ್ರು ಗೇಟಿನವರೆಗೆ ಬಂದು, "ಇವರ ಜೊತೆ ಮಾತಾಡಿ ನಂಗೂ ಡೌಟು ಬಂದ್ಬುಡ್ತು ಕಣ್ರೀ" ಎಂದು ನನಗೆ ಕೈಮುಗಿದರು.

ನಂಜನಗೂಡು ದಾರಿಯ ಹಳ್ಳಿಯೊಂದರಲ್ಲಿ ಸಭೆ. ಸ್ಕೂಟರ್ ಓಡಿಸಿದ ತಪ್ಪಿಗೆ ನಾನೂ ಕೂತಿದ್ದೆ. ಮುಂದಿನ ಸಾಲಿನ ಹೆಂಗಸೊಬ್ಬಳು ಎದ್ದಳು.

"ನಮ್ ಹೊಗೇನ ಅವ್ರು ಕೊಂಡ್ಕತಾರಾ ಸ್ವಾಮಿ?"

"ಇಲ್ಲ ಕಣವ್ವ, ನೀವು ಬಿಡದೇ ಇರೋ ಹೊಗೇನ."

"ಇಲ್ದೇ ಇರೋದ್ನ ಎಂಗೆ ಅಳೀತಾರೆ?"

ದೊಡ್ಡಪ್ಪ ನನ್ನ ಕಡೆ ನೋಡಿದರು. ನಾನು ಹುಣಸೆಮರದ ಕಡೆ ನೋಡಿದೆ. "ಮೊದಲು ಟೀ ಕುಡಿಯೋಣ" ಎಂದರು.

ಆದರೂ ಯೋಜನೆ ನಡೆಯಿತು! ಬಂದ ದುಡ್ಡಿನಲ್ಲಿ ಹೆಂಗಸರಿಗೆ ಗಾರೆ ಕೆಲಸ ಕಲಿಸಿದರು. ಪ್ರಶ್ನೆ ಕೇಳಿದವಳೇ ಎಲ್ಲರಿಗಿಂತ ಮೊದಲು ಕಲಿತಳು. ಸೌದೆಗಾಗಿ ಮೈಲಿಗಟ್ಟಲೆ ಅಲೆಯುತ್ತಿದ್ದವಳು ಸುತ್ತಲ ಊರುಗಳಲ್ಲಿ ಗ್ಯಾಸಿನ ಗುಂಡಿ ಕಟ್ಟಿ ಸಂಪಾದಿಸತೊಡಗಿದಳು. ಗಾರೆ ಕಲಸಿಕೊಡುವ ಕೆಲಸ ಗಂಡನದು! ಊರವರು ಅವಳನ್ನು 'ಮೇಸ್ತ್ರಮ್ಮ' ಎಂದೇ ಕರೆಯುತ್ತಿದ್ದರು.

ಮರುವರ್ಷ ಅವಳ ಮನೆಗೆ ಹೋದೆವು.

"ಈಗಲಾದ್ರೂ ಕಾರ್ಬನ್ ಅರ್ಥ ಆಯ್ತೇನವ್ವ?"

"ಇಲ್ಲ ಸ್ವಾಮಿ. ನಿಮ್ಗೆ?"

"ನಂಗೂ ಇಲ್ಲ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಒಳಗೆ ಹೋಗಿ ಗ್ಯಾಸ್ ಹಚ್ಚಿ ಕಾಫಿಗೆ ಇಟ್ಟಳು. ದೊಡ್ಡಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತವರು ನಿಂತೇಬಿಟ್ಟರು. ಹತ್ತಿರ ಹೋದೆ.

"ನಮ್ಮವ್ವ ಒಲೆ ಮುಂದೆ ಕೂತ್ರೆ ಕಣ್ಣಲ್ಲಿ ಧಾರಾಕಾರ ನೀರು. ಅಳ್ತಿದ್ದಾಳೆ ಅಂದ್ಕೊಂಡು ನಾನೂ ಹೊಸ್ತಿಲ ಮೇಲೆ ಕೂತು ಅಳ್ತಿದ್ದೆ ಕಣೋ" ಎಂದರು ಮೆಲ್ಲಗೆ.

ಆ ಅಡುಗೆಮನೆಯಲ್ಲಿ ಚೂರೂ ಹೊಗೆಯಿರಲಿಲ್ಲ. ದೊಡ್ಡಪ್ಪ ಮಾತ್ರ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.