ನಲವತ್ತಕ್ಕೊಂದು ಕೀ

ನಗಿಸಬೇಕು ಅಂತ ನಾನು ಯಾವತ್ತೂ ಏನೂ ಮಾಡಿದವನಲ್ಲ. ಸೇಲಂನಲ್ಲಿ ಟಿವಿ, ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದೇನೆ, ಮುಖ ಗಂಟಿಕ್ಕಿಕೊಂಡೇ ಕೆಲಸ ಮಾಡುತ್ತೇನೆ. ಆದರೂ ನಮ್ಮ ಮನೆಯಲ್ಲಿ ಗಂಭೀರವಾಗಿ ಶುರುವಾದ ಯಾವ ಕೆಲಸವೂ ಗಂಭೀರವಾಗಿ ಮುಗಿದಿದ್ದಿಲ್ಲ.

ಈ ಸಲದ್ದಂತೂ ನಗುವ ವಿಷಯವೇ ಅಲ್ಲ. ಅಪ್ಪ ಐವತ್ತು ವರ್ಷದಿಂದ ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದಾರೆ. ಲಾಳಿ ನಲವತ್ತು ಸಲ ಓಡಿದರೆ ಒಂದು ಸಾಲು ಬುಟ್ಟಾ ಹಾಕಬೇಕು. ಈಚೆಗೆ ಆ ಲೆಕ್ಕ ತಪ್ಪುತ್ತಿತ್ತು, ಎರಡು ಸೀರೆ ಕೆಟ್ಟವು. ರೇಷ್ಮೆ ಕೊಡುವ ಮುದಲಾಳಿ, "ಇನ್ನೊಂದು ಕೆಟ್ರೆ ಮಗ್ಗ ಇಳಿದುಬಿಡಿ ಅಣ್ಣಾ" ಅಂದ. ಎದುರಿಗೆ ಕೂತು ರಾಟೆಯಲ್ಲಿ ನೂಲು ಸುತ್ತುವ ಅಮ್ಮ ಎಣಿಸಿ ಹೇಳಲು ಹೋದರೆ ಅಪ್ಪ ಉರಿದುಬಿದ್ದರು: "ನಂಗೇ ನೀನು ಲೆಕ್ಕ ಏಳ್ಕೊಡ್ತೀಯಾ?" ಅವತ್ತಿನಿಂದ ಅವರು ಸರಿಯಾಗಿ ಉಣ್ಣಲೇ ಇಲ್ಲ. ನನಗೆ ನೋಡೋಕಾಗಲಿಲ್ಲ. ಲಾಳಿ ಓಡಿದ್ದನ್ನು ಎಣಿಸಿ ನಲವತ್ತಕ್ಕೊಮ್ಮೆ 'ಕೀ' ಅನ್ನುವ ಪುಟ್ಟ ಪೆಟ್ಟಿಗೆ ಮಾಡಿಕೊಡೋಣ ಅಂತ ಕೂತೆ. ಒಳಗೊಂದು ಮೈಕ್ರೋಕಂಟ್ರೋಲರ್, ಅಂದರೆ ಎಣಿಸುವ ಚಿಪ್. ಕಂಪ್ಯೂಟರಿನಲ್ಲಿ ಬರೆದ ಪ್ರೋಗ್ರಾಮು ಅದಕ್ಕೆ ಇಳಿಯಬೇಕಾದರೆ ನಡುವೆ ಯುಎಸ್‌ಬಿ ಟು ಸೀರಿಯಲ್ ಅಡಾಪ್ಟರ್ ಬೇಕು.

೧. ಕುಂಕುಮ

ಅಡಾಪ್ಟರ್ ಬಂತು. ದೇವರ ಗೂಡಿನ ಹತ್ತಿರ ಇಟ್ಟು ಊಟಕ್ಕೆ ಕೂತೆ. ಆಮೇಲೆ ಕಂಪ್ಯೂಟರಿಗೆ ಚುಚ್ಚಿದರೆ ಅದಕ್ಕೆ ಏನೂ ಕಾಣಿಸಲೇ ಇಲ್ಲ. ಡ್ರೈವರ್ ಮೂರು ಸಲ ಹಾಕಿದೆ. ಕಳಿಸಿದ ಅಂಗಡಿಯವನಿಗೆ ಫೋನಿನಲ್ಲಿ ಬೈದೆ, ತಮಿಳಿನಲ್ಲೇ. ಬೈಯೋಕೆ ನನಗೆ ಅದೇ ಸಲೀಸು. ಸಂಜೆ ಕಿತ್ತು ಬೆಳಕಿಗೆ ಹಿಡಿದರೆ ಅದರ ಬಾಯಿ ತುಂಬ ಅರಿಶಿನ ಕುಂಕುಮ.

"ಅಮ್ಮಾ, ಇದೇನಮ್ಮಾ?"

"ಒಸ ಲಾಳಿ ಬಂದ್ರೂ ಇಡ್ತೀವಿ, ಇದಕ್ಕೆ ಇಡ್ದೆ ಇರ್ತೀನಾ?"

"ಇಟ್ರೆ ಮೇಲೆ ಇಡ್ಬೇಕು. ಒಳಗ್ಯಾಕೆ ತುರುಕಿದೆ?"

"ಮೇಲೆಲ್ಲಾ ಸಣ್ಣ ಸಣ್ಣ ಸಾಮಾನು ಐತಲ್ಲಪ್ಪಾ. ಕೆಟ್ಗಿಟ್ಟೋದಾತು ಅಂತ ಉಸಾರಾಗಿ ಒಳಗೆ ಇಟ್ಟೆ."

೨. ಸಂಬಂಧ

ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ ಮೇಲೆ ಅಡಾಪ್ಟರ್ ಕಣ್ಣು ಬಿಟ್ಟಿತು. ಪ್ರೋಗ್ರಾಮು ಮಾತ್ರ ಇಳಿಯಲಿಲ್ಲ. ಹತ್ತು ಸಲ ಕಳಿಸಿದೆ, ಹತ್ತು ಸಲವೂ ತಪ್ಪು ಅಂತು. ನಾನು ತಲೆ ಮೇಲೆ ಕೈ ಹೊತ್ತು ಕೂತದ್ದು ಕಂಡು ಅಪ್ಪ ಮಗ್ಗದಿಂದಲೇ ಕೇಳಿದರು.

"ಏನ್ಲಾ ಅದು?"

"ಇದು ಟಿಎಕ್ಸ್, ಕೊಡೋ ಕಾಲು. ಇದು ಆರ್‌ಎಕ್ಸ್, ತಗೊಳ್ಳೋ ಕಾಲು. ಪೆಟ್ಟಿಗೆ ಕಡೇನೂ ಇವೇ ಎರಡಿದಾವೆ. ಒಂದೇ ಹೆಸ್ರಿರೋದನ್ನ ಒಂದಕ್ಕೊಂದು ಸೇರಿಸಿದೀನಿ."

ಅಪ್ಪ ಲಾಳಿ ನಿಲ್ಲಿಸಿದರು. ನಮ್ಮಲ್ಲಿ ಒಂದೇ ಬೆಡಗಿನವರು ಅಣ್ಣತಮ್ಮಂದಿರಿದ್ದ ಹಾಗೆ, ಅವರೊಳಗೆ ಮದುವೆ ಕೂಡದು.

"ಒಂದೇ ಬೆಡಗಿನೊಳಗೆ ಸಂಬಂಧ ಮಾಡ್ತಾರೇನ್ಲಾ? ಕೊಡೋರು ಒಂದ್ಕಡೆ, ತಗೊಳ್ಳೋರು ಒಂದ್ಕಡೆ ಇರ್ಬೇಕು."

ಡಿಪ್ಲೊಮಾ ಓದಿದವನು ನಾನು. ತಂತಿ ಅದಲುಬದಲು ಮಾಡಿದೆ. ಪ್ರೋಗ್ರಾಮು ಸರ್ರನೆ ಇಳಿಯಿತು.

"ಕೂಡಿ ಬಂತಾ?"

"ಬಂತಪ್ಪಾ."

"ಬರ್ದೆ ಏನು? ನಿಂಗೆ ಎಣ್ಣು ನೋಡ್ದೋನೂ ನಾನೇ ಅಲ್ವಾ."

೩. ಗೊತ್ತು, ಗೊತ್ತು

ಪೆಟ್ಟಿಗೆಯನ್ನು ಮಗ್ಗಕ್ಕೆ ಕಟ್ಟಿದೆ. ಮೂರನೆಯ ಸೀರೆ ಶುರುವಾಯಿತು. ನಲವತ್ತಕ್ಕೆ ಸರಿಯಾಗಿ 'ಕೀ' ಅಂತು. ಅಪ್ಪ, "ಗೊತ್ತು, ಗೊತ್ತು" ಅಂದರು. ಮತ್ತೆ ಕೀ, ಮತ್ತೆ "ಗೊತ್ತು, ಗೊತ್ತು." ಇಡೀ ದಿನ ಇದೇ ಪಾಡು.

"ಅದಕ್ಯಾಕಪ್ಪಾ ಉತ್ತರ ಹೇಳ್ತೀರಾ?" ಅಂದೆ.

"ಏಳ್ದೆ ಇದ್ರೆ ನಂಗೆ ಗೊತ್ತಿಲ್ಲ ಅಂದ್ಕೊಂಡ್ಬುಡ್ತೈತೆ."

೪. ಪೆಟ್ಟಿಗೆಯ ದನಿ

ಸೀರೆ ಅರ್ಧಕ್ಕೆ ಬಂದಾಗ ನೋಡೋಣ ಅಂತ ಹೋದೆ. ಪೆಟ್ಟಿಗೆಯ ದೀಪ ಆರಿತ್ತು. ಇಲಿ ತಂತಿ ಕಡಿದಿತ್ತು, ಕಡಿದು ಎಷ್ಟು ದಿನವಾಗಿತ್ತೋ. ಸೀರೆ ಹೋಯಿತು, ಅಪ್ಪನ ಮಗ್ಗವೂ ಹೋಯಿತು ಅಂದುಕೊಂಡೇ ಬುಟ್ಟಾ ಸಾಲುಗಳನ್ನು ಒಂದೊಂದಾಗಿ ಅಳೆದೆ. ಒಂದೂ ತಪ್ಪಿಲ್ಲ!

ಅಷ್ಟರಲ್ಲಿ "ಕೀ" ಅಂತ ಕೇಳಿಸಿತು. ಅಪ್ಪ, "ಗೊತ್ತು, ಗೊತ್ತು" ಅಂದರು.

ತಿರುಗಿ ನೋಡಿದೆ. ರಾಟೆಯ ಹಿಂದೆ ಅಮ್ಮ ತಲೆ ತಗ್ಗಿಸಿ ಕೂತಿದ್ದಳು. ತುಟಿ ಮಾತ್ರ ಆಡುತ್ತಿತ್ತು, ಒಂದು, ಎರಡು, ಮೂರು ಅಂತ.

ಅಡುಗೆಮನೆಗೆ ಕರೆದು ಕೇಳಿದೆ. "ನಾಕು ದಿನ ಆಯ್ತು ಕಣಪ್ಪಾ. ಅದು ನಿಂತೋಗೈತೆ ಅಂತ ಗೊತ್ತಾದ್ರೆ ಅವ್ರು ಮಗ್ಗಾನೇ ಬಿಟ್ಟು ಎದ್ದುಬುಡ್ತಾರೆ. ನೀನು ಬಾಯಿಬಿಡ್ಬೇಡ" ಅಂದಳು. ಕಣ್ಣಲ್ಲಿ ನೀರಿತ್ತು. ತಂತಿಯನ್ನು ಹಾಗೇ ಬಿಟ್ಟು ಬಂದೆ.

ಸೀರೆ ಮುಗಿಯಿತು. ಮುದಲಾಳಿ ಬಿಡಿಸಿ ನೋಡಿ ಮುಂದಿನ ಸೀರೆಗೆ ರೇಷ್ಮೆ ಕೊಟ್ಟ. ಅವತ್ತು ಅಪ್ಪ ಕೇಳಿ ಕೇಳಿ ಉಂಡರು. ಕೈ ತೊಳೆಯುತ್ತಿದ್ದಾಗ ನಾನು ಸುಮ್ಮನೆ ಅಂದೆ: "ಪೆಟ್ಟಿಗೇನ ಒಂದ್ಸಲ ಬಿಚ್ಚಿ ನೋಡ್ತೀನಪ್ಪಾ."

ಅಪ್ಪ ಅಡುಗೆಮನೆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಮುಟ್ಬೇಡ. ಮೊದ್ಲಿಗಿಂತ ಚೆಂದಾಗೈತೆ. ಈಗ ಕೀ ಅನ್ನೋಕೆ ಮುಂಚೆ ಬಳೆ ಸದ್ದೂ ಬತ್ತೈತೆ."