ಬಿಲ್ವ ಮೇಯ್ದವರು ಯಾರು?

ಊಸರವಳ್ಳಿ ಎಲೆಯ ಬಣ್ಣ ಕದಿಯುತ್ತದೆಯೇ ಹೊರತು ಎಲೆಯನ್ನಲ್ಲ ಎಂದು ಮಲಕಾಜಪ್ಪ ಗಟ್ಟಿಯಾಗಿ ನಂಬಿದ್ದ. ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸೊಲ್ಲಾಪುರದ ಮಿಲ್ಲೊಂದರಲ್ಲಿ ಕಾರಕೂನನಾಗಿದ್ದ ಅವನಿಗೆ ಯಾರೂ ಹೇಳದ ಸಂಗತಿಗಳೇ ಹೆಚ್ಚು ಖಾತ್ರಿಯಾಗಿ ಗೊತ್ತಿರುತ್ತಿದ್ದವು.

ಬೇಲಿಯಲ್ಲಿ ಸಿಕ್ಕ ಊಸರವಳ್ಳಿಯೊಂದನ್ನು ತಂದು, ಹಾಲು ಇಡುವ ಹಳೆಯ ಜಾಲರಿ ಕಪಾಟಿನಲ್ಲಿ ಅದಕ್ಕೊಂದು ಅರಮನೆ ಮಾಡಿದ. ಅರಮನೆ ಎಂದ ಮೇಲೆ ಉದ್ಯಾನ ಬೇಡವೇ? ತಾವು ಬಂದಾಗ ಪೂಜೆಗೆ ಪತ್ರಿ ಸಿಗಲೆಂದು ಅಕ್ಕಲಕೋಟೆಯ ಮಾವ ಸಾತಲಿಂಗಪ್ಪನವರು ಕುಂಡದಲ್ಲಿ ಬೆಳೆಸಿ ಕೊಟ್ಟಿದ್ದ ಬಿಲ್ವದ ಸಸಿಯನ್ನೇ ಒಳಗಿಟ್ಟ.

“ಏನ್ರಿ, ಅದು ಅಪ್ಪ ಕೊಟ್ಟ ಗಿಡ. ಈ ಸರಡಾ ತಿಂದ್ರ?” ಎಂದಳು ಹೆಂಡತಿ ಅಕ್ಕನಾಗಮ್ಮ.

“ಹುಚ್ಚಿ, ಅದು ನೊಣಾ ತಿನ್ನೂ ಪ್ರಾಣಿ. ಗಿಡ ಅದಕ್ಕ ಬರೇ ಫರ್ನಿಚರ್. ನಾವು ಕುರ್ಚಿ ತಿಂತೀವೇನು?”

“ಮಂದಿ ಗಿಳಿ ಸಾಕತಾರ. ನನ್ನ ನಸೀಬಕ್ಕ ಇದು! ಒಂದು ಕಣ್ಣು ನನ್ನ ಮ್ಯಾಲ, ಒಂದು ಕಣ್ಣು ರೊಟ್ಟಿ ಮ್ಯಾಲ.”

ಮುಂದೊಂದು ದಿನ ಮಾವನವರು ಬಂದರು. ಸ್ನಾನ ಮಾಡಿ, ಪತ್ರಿ ಹರಿಯಲು ಕಪಾಟಿನ ಮುಂದೆ ನಿಂತರು. ದೇವರಿಗೆ ಏರಿಸುವ ಬಿಲ್ವಕ್ಕೆ ಮೂರೂ ದಳ ಇಡಿಯಾಗಿರಬೇಕು. ಇಲ್ಲಿ ಒಂದಕ್ಕೆ ಅರ್ಧ ದಳ, ಇನ್ನೊಂದಕ್ಕೆ ಬರೀ ತೊಟ್ಟು.

“ಅಳಿಯಂದ್ರ, ಏನ್ರಿ ಇದು ಅವತಾರ?”

ಮಲಕಾಜಪ್ಪನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಆದರೆ ಮಾವನ ಎದುರು ‘ಗೊತ್ತಿಲ್ಲ’ ಎನ್ನುವ ಅಳಿಯ ಇನ್ನೂ ಹುಟ್ಟಬೇಕು. ಬಾಗಿಲಾಚೆ, ನಾಲ್ಕಾರು ಮನೆಗಳ ಆ ವಾಡೆಯ ಅಂಗಳದಲ್ಲಿ, ನೆರೆಮನೆಯ ಸಕ್ಕುಬಾಯಿಯ ಆಡು ನಿಂತು ಬಾಯಾಡಿಸುತ್ತಿತ್ತು. (ಆಡು ಬಾಯಾಡಿಸದೆ ಮೌನವ್ರತ ಮಾಡೀತೇ?)

“ಆ ಆಡರಿ, ಮಾವಾರ!”

ವಾಡೆಯವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಸಕ್ಕುಬಾಯಿ ಹೊರಗೆ ಬಂದಳು. ಗಂಡ ತೀರಿಹೋದ ಮೇಲೆ ಆಕೆಗೆ ಆ ಆಡೇ ಸಂಸಾರ. “ಜಾಳಿಗಿ ಐತೆಲ್ಲೋ ತಮ್ಮಾ, ಹ್ಯಾಂಗ ತಿಂದೀತು?”

“ನಾಲಗಿ ಹಾಕೇತಿ, ಮಾವಶಿ! ಕಿಂಡ್ಯಾಗಿಂದ ಉದ್ದನ ನಾಲಗಿ ಬಿಟ್ಟು ಚಟ್ ಅಂತ ಎಳದೈತಿ.”

ಉದ್ದನೆಯ ನಾಲಗೆಯ ಪ್ರಾಣಿ ಜಾಲರಿಯೊಳಗೇ ಕೂತು ಈ ವಕೀಲಿಕೆಯನ್ನು ಒಂದು ಕಣ್ಣಿನಿಂದ ನೋಡುತ್ತಿತ್ತು.

ಸಕ್ಕುಬಾಯಿ ಜಗಳಕ್ಕೆ ನಿಲ್ಲಲಿಲ್ಲ. “ದೇವರ ಪತ್ರಿ ತಿಂದ ಆಡು ಅನಿಸಿಕೊಂಡು ಇದು ಇಲ್ಲಿರೂದು ಬ್ಯಾಡ” ಎಂದು, ಅದನ್ನು ಸಂಜೆಯೊಳಗೆ ಕುಂಭಾರಿ ಎಂಬ ಹಳ್ಳಿಯಲ್ಲಿದ್ದ ತನ್ನ ತಮ್ಮ ಕಾಮಣ್ಣನ ಮನೆಗೆ ಕಳಿಸಿ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಮಾವನವರು ಕಪಾಟಿನ ಮುಂದಿನಿಂದ ಕೂಗಿದರು. “ಅಳಿಯಂದ್ರ, ಬರ್ರಿ ಇಲ್ಲೆ. ನಿಮ್ಮ ಆಡು ಬಣ್ಣ ಬದಲಿಸೇತಿ!”

ಊಸರವಳ್ಳಿ ಬಿಲ್ವದ ಎಳೆಯ ಚಿಗುರನ್ನು ಬಾಯಲ್ಲಿ ಹಿಡಿದು, ಅವಸರವಿಲ್ಲದೆ, ವೀಳ್ಯದೆಲೆ ಮೆಲ್ಲುವ ಹಿರಿಯರಂತೆ ಮೆಲ್ಲುತ್ತಿತ್ತು. ಮಲಕಾಜಪ್ಪನ ಮುಖ ಕೆಂಪಾಗಿ, ಕಪ್ಪಾಗಿ, ಬಿಳಿಚಿಕೊಂಡಿತು. ಆ ಕ್ಷಣಕ್ಕೆ ಯಾರನ್ನು ಕಪಾಟಿನಲ್ಲಿ ಇಡಬೇಕಾಗಿತ್ತು ಎಂಬುದೇ ಪ್ರಶ್ನೆ.

“ಮಾವಶಿ ರಾತ್ರಿ ಉಂಡಿಲ್ಲ,” ಎಂದಳು ಅಕ್ಕನಾಗಮ್ಮ. “ಹೋಗ್ರಿ. ಆಡು ತಗೊಂಡೇ ಬರ್ರಿ.”

ಕುಂಭಾರಿಯಲ್ಲಿ ಕಾಮಣ್ಣ ಏನೂ ಬೈಯಲಿಲ್ಲ. ಸುಮ್ಮನೆ ಹಗ್ಗ ಕೈಗಿಟ್ಟ. (ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.) ಬಸ್ಸಿನ ಕಂಡಕ್ಟರ್ ಮಾತ್ರ, “ಒಬ್ಬರಿಗೇ ಜಾಗಾ ಐತಿ. ಇಬ್ಬರೊಳಗ ಯಾರು ಬರತೀರಿ?” ಎಂದು ಕೇಳಿ ಸೀಟಿ ಊದಿದ. ಅಕ್ಕಲಕೋಟೆ ರಸ್ತೆಯುದ್ದಕ್ಕೂ ನಡೆದೇ ಬಂದದ್ದಾಯಿತು. ಮಿಲ್ಲಿನ ಮಿತ್ರರು ಸೈಕಲ್ ಬೆಲ್ ಬಾರಿಸಿ ನಗುತ್ತ ಹೋದರು. ಹೊಸ ಬೆಲ್‌ಬಾಟಮ್ ಪ್ಯಾಂಟಿನ ಅಗಲವಾದ ಅಂಚನ್ನು ಆಡು ದಾರಿಯಲ್ಲೇ ಮೇಯ್ದು ಮುಗಿಸಿತು.

ವಾಡೆಯ ಮಂದಿಯೆಲ್ಲ ಅಂಗಳದಲ್ಲಿ ನೆರೆದಿದ್ದರು. ಸಕ್ಕುಬಾಯಿ ಓಡಿಬಂದು ಆಡಿನ ಕೊರಳು ತಬ್ಬಿಕೊಂಡಳು. ಮಲಕಾಜಪ್ಪ ತಲೆ ತಗ್ಗಿಸಿದ.

“ತಪ್ಪಾತ್ರಿ ಮಾವಶಿ. ನಾ ಹೇಳಿದ್ದೆಲ್ಲ ಸುಳ್ಳು. ಆಡಿಂದೇನೂ ತಪ್ಪಿಲ್ಲ.”

ಆಡು ಅವನ ಅಂಗೈ ನೆಕ್ಕಿತು. ಅವನಿಗೆ ಸ್ವಲ್ಪ ಧೈರ್ಯ ಬಂತು.

“ನೋಡ್ರಿ, ಆಡೂ ನನ್ನ ಮಾಫ್ ಮಾಡೇತಿ. ನೀವೂ ಮಾಡಿದ್ರಿ ಹೌದಿಲ್ಲೋ?”

“ಆಡಿಗಿ ಮರೆವು ಭಾಳ,” ಎಂದಳು ಸಕ್ಕುಬಾಯಿ. “ನನಗಿಲ್ಲ.”