ಕಾಫಿ ಮೂಟೆಗಳ ಜೊತೆ ಬಾಡಿಗೆ ಸಂಸಾರ

"ಯೂನಿವರ್ಸಿಟಿ ಗೇಟಿಂದ ಕೂಗಿದರೆ ಕೇಳೋವಷ್ಟು ಹತ್ತಿರದಲ್ಲಿ, ನನ್ನ ಸಂಬಳಕ್ಕೆ ಎಟಕೋ ಬಾಡಿಗೆಗೆ ಮನೆ ಮಾಡದಿದ್ದರೆ ನನ್ನ ಹೆಸರು ಪ್ರಸನ್ನಕುಮಾರನೇ ಅಲ್ಲ!"

ಹೀಗೆಂದು ಇಲ್ಲದ ಮೀಸೆ ತಿರುವಿದವನು ಆಲ್ದೂರಿನ ಸ್ಪ್ರಿಂಕ್ಲರ್ ಪೈಪಿನ ಅಂಗಡಿಯಲ್ಲಿ ಬಿಲ್ ಬರೆಯುವ ಗುಮಾಸ್ತ. ಕೇಳಿಸಿಕೊಂಡವಳು ಹೆಂಡತಿ ಧನ್ಯಾ, ಮದುವೆಯಾದ ಮೇಲೂ ಹಠ ಹಿಡಿದು ಚಿಕ್ಕಮಗಳೂರಿನಲ್ಲಿ ಎಂ.ಎಸ್ಸಿ. ಸೀಟು ಗಿಟ್ಟಿಸಿದವಳು. ಇವರಿದ್ದ ಜಾವಳಿಯಿಂದ ಬಸ್ಸು ಹತ್ತಿ ಅವಳು ತಲುಪುವಷ್ಟರಲ್ಲಿ ಮೊದಲ ಕ್ಲಾಸು ಮುಗಿದಿರುತ್ತಿತ್ತು. ಹಾಜರಿ ಹೀಗೇ ಸೋರಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಮೇಷ್ಟ್ರು ಹೇಳಿಯಾಗಿತ್ತು.

"ಹೆಸರು ಬದಲಾಯಿಸೋದಾದ್ರೆ ಆಧಾರ್ ಕಾರ್ಡಲ್ಲೂ ಬದಲಾಯಿಸ್ಬೇಕಾಗುತ್ತೆ, ನೋಡ್ಕೊಳ್ಳಿ," ಅಂದಳು ಧನ್ಯಾ.

ದಂಡಯಾತ್ರೆ ಶುರುವಾಯಿತು. ಮೊದಲ ಮನೆಯ ಯಜಮಾನರು, "ಕ್ಯಾಂಪ್ ಫೈರ್ ಬೇಕಾ?" ಅಂದರು.

"ಬೇಡ ಸಾರ್, ಸ್ಟೌವ್ ಇಡೋಕೆ ಜಾಗ ಇದ್ರೆ ಸಾಕು."

ಅದು ಹೋಂಸ್ಟೇ! ಪಕ್ಕದ್ದೂ ಹೋಂಸ್ಟೇ! ಅವರು ಎರಡು ರಾತ್ರಿಗೆ ಕೇಳಿದ ದುಡ್ಡು ಇವನ ತಿಂಗಳ ಸಂಬಳವನ್ನು ನೋಡಿ ಕಿಸಕ್ಕನೆ ನಕ್ಕಿತು. "ನಾವು ಟೂರಿಸ್ಟ್ ಅಲ್ಲ ಸಾರ್, ಮನುಷ್ಯರು!" ಎಂದು ಗುಡುಗಿದ ಪ್ರಸನ್ನ, ಗೇಟನ್ನು ದಡಾರನೆ ಎಳೆದುಕೊಂಡು ಹೊರಬಂದ. ಕೊಡೆ ಗೇಟಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಡಿ ಅಂತ ಮತ್ತೆ ಅದೇ ಬೆಲ್ ಒತ್ತಬೇಕಾಯಿತು.

ಕೊನೆಗೆ ಸಿಕ್ಕವರು ಜಿಯಾಉದ್ದೀನ್ ಸಾಹೇಬರು. ಅತ್ತಿಗುಂಡಿ ಕಡೆ ಕಾಫಿ ತೋಟ, ಯೂನಿವರ್ಸಿಟಿ ಪಕ್ಕದಲ್ಲೇ ಮನೆ, ಹಿತ್ತಲಲ್ಲಿ ಎರಡು ರೂಮಿನ ಔಟ್‌ಹೌಸು.

"ಒಂದು ರೂಮಿನ ಬಾಡಿಗೆ ಕೊಡಿ ಸಾಕು. ಇನ್ನೊಂದ್ರಲ್ಲಿ ನನ್ನ ಕಾಫಿ ಉಂಟು. ಒಳ್ಳೆ ರೇಟು ಬಂದ ಕೂಡಲೇ ಎತ್ತಿಸ್ತೀನಿ."

ಸಂಸಾರ ಬಂತು. ಕಾಫಿ ರೇಟು ಏರಿತು.

"ಈಗ ಮಾರ್ತೀರಾ ಸಾಹೇಬ್ರೇ?"

"ಏರ್ತಾ ಇರೋವಾಗ ಯಾರಾದ್ರೂ ಕೊಡ್ತಾರಾ ಮಾರಾಯ!"

ರೇಟು ಇಳಿಯಿತು.

"ಈಗಾದ್ರೂ?"

"ಬಿದ್ದಾಗ ಕೊಡೋಕೆ ನಂಗೇನು ತಲೆ ಕೆಟ್ಟಿದ್ಯಾ?"

ಅಷ್ಟರಲ್ಲಿ ತೋಟದಿಂದ ಇನ್ನೊಂದು ಪಿಕಪ್ ಬಂತು. ಮೂಟೆಗಳು ಹೊಸ್ತಿಲು ದಾಟಿ ಇವರ ರೂಮಿಗೇ ಕಾಲಿಟ್ಟವು. ಧನ್ಯಾ ಮೂಟೆಯ ಮೇಲೆ ಕೂತು ಓದುತ್ತಿದ್ದಳು. ಪ್ರಸನ್ನ ಮೂಟೆಗಳ ಸಂದಿಯಲ್ಲಿ ಒಂದೇ ಮಗ್ಗುಲಲ್ಲಿ ಮಲಗುತ್ತಿದ್ದ. ಮಗ್ಗುಲು ಬದಲಿಸಬೇಕೆಂದರೆ ಎದ್ದು ಹೊರಗೆ ಹೋಗಿ ತಿರುಗಿಕೊಂಡು ಬರಬೇಕು!

"ಬಾಡಿಗೆ ಕೊಡೋನು ನಾನು! ಈ ರೋಬಸ್ಟಾನ ಬೀದಿಗೆ ತರದಿದ್ರೆ ಕೇಳು!"

"ಅದು ಅರೇಬಿಕಾ ರೀ. ಬೈಯೋವಾಗ್ಲಾದ್ರೂ ಹೆಸರು ಸರಿಯಾಗಿ ಹೇಳಿ."

ಮರುದಿನ ಧನ್ಯಾ ಕ್ಲಾಸಿಗೆ ಹೋದದ್ದೇ ತಡ, ಪ್ರಸನ್ನ ಅಂಗಡಿಯ ಅನುಭವವನ್ನೆಲ್ಲ ಧಾರೆಯೆರೆದು, ಮೂಟೆಗೆ ಒಂದು ಹನಿ ತಾಗದಂತೆ, ಹಿಂದಿನ ಗೋಡೆಗೆ ಒಂದು ಬಕೆಟ್ ನೀರು ಚಿಮುಕಿಸಿದ. ಆಮೇಲೆ ಓಡಿದ.

"ಸಾಹೇಬ್ರೇ! ಗೋಡೆ ಜಿನುಗ್ತಾ ಇದೆ!"

ಶೀತ ಹಿಡಿದ ಕಾಫಿಯನ್ನು ಯಾವ ವ್ಯಾಪಾರಿಯೂ ಮೂಸುವುದಿಲ್ಲ. ಸಾಹೇಬರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿ ಬಂದರು. ಸಂಜೆಯೊಳಗೆ ಮೂಟೆಗಳೆಲ್ಲ ಗೋಡೌನಿಗೆ ಹೊರಟುಹೋದವು. ವಿಜಯಶಾಲಿ ಪ್ರಸನ್ನಕುಮಾರ ಖಾಲಿ ರೂಮಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಉರುಳಾಡಿದ!

ಮರುದಿನ ಸಾಹೇಬರು ಹೆಂಡತಿ ರೌಶನ್ ಬೀ ಜೊತೆ ಬಂದು ಕೈ ಹಿಡಿದುಕೊಂಡರು. "ನೀವು ಹೇಳದಿದ್ರೆ ನನ್ನ ಕಾಫಿ ಎಲ್ಲ ಹಾಳಾಗ್ತಿತ್ತು ಮಾರಾಯ! ಇನ್ನು ಎರಡೂ ರೂಮು ನಿಮ್ದೇ."

"ಬಾಡಿಗೇನೂ ಎರಡರದ್ದು," ಅಂದರು ರೌಶನ್ ಬೀ ನಗುನಗುತ್ತಾ.

ಅವರ ಬೆನ್ನು ಮರೆಯಾಗುತ್ತಲೇ ಪ್ರಸನ್ನ ತೊಡೆ ತಟ್ಟಿದ. "ಜಾಸ್ತಿ ಕೊಡೋದೂ ಇಲ್ಲ, ಮನೆ ಬಿಡೋದೂ ಇಲ್ಲ!"

"ಅವ್ರು ಹೋದ್ಮೇಲೆ ಎಷ್ಟು ಜೋರಾಗಿ ಹೇಳ್ತೀರಿ!" ಎಂದು ಧನ್ಯಾ ಫೋನ್ ಕೈಗೆತ್ತಿಕೊಂಡಳು. ಅವಳ ಕ್ಲಾಸಿನ ನಾಗಶ್ರೀಯೂ ಮನೆ ಸಿಗದೆ ಅಲೆಯುತ್ತಿದ್ದಳು. ಖಾಲಿ ರೂಮಿಗೆ ಅವಳು ಬಂದು ಅದರ ಬಾಡಿಗೆ ಕೊಟ್ಟರೆ, ಇವರಿಗೆ ಹಳೆಯ ಬಾಡಿಗೆಯೇ ಉಳಿಯಿತಲ್ಲ! ಆಹಾ, ಏನು ಲೆಕ್ಕ!

ಭಾನುವಾರ ನಾಗಶ್ರೀ ಬಂದಳು. ಜೊತೆಗೆ ಅವಳ ಅಪ್ಪ ಓಂಕಾರಮೂರ್ತಿ. ಅವರು ಗೋಡೆ ತಟ್ಟಿದರು, ಚಿಲಕ ಎಳೆದು ನೋಡಿದರು, ನಲ್ಲಿ ತಿರುಗಿಸಿದರು.

"ಎಲ್ಲ ಚೆನ್ನಾಗಿದೆಯಮ್ಮ. ಈ ಮನೇಲಿ ಗಂಡಸ್ರು ಯಾರೂ ಇರಲ್ಲ ತಾನೆ? ಇದ್ರೆ ಮಗಳನ್ನ ಈಗ್ಲೇ ವಾಪಸ್ ಕರ್ಕೊಂಡು ಹೋಗ್ತೀನಿ."

ಅದೇ ಹೊತ್ತಿಗೆ ನಾಗಶ್ರೀಯ ಹಾಸಿಗೆ ಸುರುಳಿಯನ್ನು ತಲೆ ಮೇಲೆ ಹೊತ್ತು ಪ್ರಸನ್ನ ಒಳಗೆ ಬಂದ. ಧನ್ಯಾ ಒಮ್ಮೆ ಗಂಡನ ಮುಖ ನೋಡಿದಳು, ಒಮ್ಮೆ ನಾಗಶ್ರೀಯ ಮುಖ ನೋಡಿದಳು. ಎರಡನೇ ರೂಮಿನ ಬಾಡಿಗೆ ಕೊಡುವ ಮುಖವೇ ಗೆದ್ದಿತು.

"ಯಾರೂ ಇರಲ್ಲ ಅಂಕಲ್."

"ಮತ್ತೆ ಇವ್ರು?"

"ಇವ್ರಾ? ಬ್ರೋಕರ್ ಅಂಕಲ್! ಈ ಮನೆ ಹುಡುಕಿಕೊಟ್ಟೋರು. ಆಲ್ದೂರಲ್ಲಿರ್ತಾರೆ."

ಪ್ರಸನ್ನಕುಮಾರ ಹಾಸಿಗೆ ಇಳಿಸಿದ. ಎದೆ ಉಬ್ಬಿಸಿದ. "ನಾನು..." ಅಂದ. ಧನ್ಯಾಳ ಕಣ್ಣು ನೋಡಿದ. ಎದೆ ಇಳಿಯಿತು. "ನಾನಿನ್ನು ಹೊರಡ್ತೀನಿ ಮೇಡಂ."

ಓಂಕಾರಮೂರ್ತಿಗಳು ಬಾಗಿಲವರೆಗೂ ಬಂದು ಹೆಗಲ ಮೇಲೆ ಕೈ ಹಾಕಿದರು. "ಒಳ್ಳೆ ಕೈಗುಣ ಕಣಯ್ಯ ನಿಂದು. ನನ್ನ ತಮ್ಮನ ಮಗನೂ ಇಲ್ಲೇ ಓದ್ತಾನೆ. ಗಂಡುಹುಡುಗ್ರಿಗೆ ಕಡಿಮೆ ಬಾಡಿಗೇಲಿ ರೂಮು ಎಲ್ಲಾದ್ರೂ ಇದ್ರೆ ಹೇಳಪ್ಪ."

"ಹೇಳಲ್ಲ ಸಾರ್!" ಅಂದ ಪ್ರಸನ್ನಕುಮಾರ. "ಸಿಕ್ಕಿದ್ರೆ ನಾನೇ ಸೇರ್ಕೋತೀನಿ!"